ಗೇರುಪೆಟ್ಟಿಗೆಯ ತೈಲಾಭ್ಯಂಜನ

ಮೋಟಾರು ವಾಹನವನ್ನು ಸಾಕಿಕೊಂಡಿರುವ ಗೃಹಸ್ಥರು ಇಂಜಿನ್ನಿನ ಎಣ್ಣೆಯ ವಿಷಯದಲ್ಲಿ ತೋರುವ ಶ್ರದ್ಧಾಭಕ್ತಿಗಳ ಶತಾಂಶವನ್ನಾದರೂ ಗೇರುಪೆಟ್ಟಿಗೆಯ ಎಣ್ಣೆಗೆ ಮೀಸಲಿಟ್ಟುದನ್ನು ನಾನು ಕಂಡವನಲ್ಲ. ಇಂಜಿನ್ನಿನ ಎಣ್ಣೆಗೆ ಹೊಸ ಅಳಿಯನ ಮರ್ಯಾದೆ. ಪ್ರಯಾಣಕ್ಕೆ ಮುನ್ನ ಕಡ್ಡಿಯದ್ದಿ ಅದರ ಕ್ಷೇಮಸಮಾಚಾರವನ್ನು ವಿಚಾರಿಸುತ್ತಾರೆ, ಬಣ್ಣ ಮಾಸಿತೆಂದರೆ ಕಳವಳಗೊಳ್ಳುತ್ತಾರೆ. ಗೇರೆಣ್ಣೆಯಾದರೋ ಹಿತ್ತಲ ಕೋಣೆಯ ಅಜ್ಜಿ. ಗೊಣಗುವವರೆಗೆ ಅದೊಂದು ಇದೆಯೆಂಬುದೇ ಯಾರ ಸ್ಮರಣೆಗೂ ಬಾರದು. ಅಕ್ಕಲಕೋಟೆಯ ನಮ್ಮ ಮನೆಯ ತಗಡಿನ ಚಪ್ಪರದಡಿ ವಿರಾಜಮಾನವಾಗಿರುವ ಸ್ಟ್ಯಾಂಡರ್ಡ್ ಹೆರಾಲ್ಡಿನಲ್ಲಿ ಆ ಗೊಣಗು ಎರಡನೆಯ ಗೇರಿನಿಂದ ಉಪಕ್ರಮವಾಗಿ, ಮೂರನೆಯದಕ್ಕೂ ವ್ಯಾಪಿಸಿ, ಕೊನೆಗೆ ಎದುರು ಮನೆಯವರ ನಿದ್ರೆಯವರೆಗೆ ಪ್ರಸರಿಸಿದ ಮೇಲೆಯೇ ನಾನೂ ಎಚ್ಚೆತ್ತದ್ದು.

ಈ ವಾಹನವನ್ನು ಸ್ಪೋರ್ಟ್ಸ್ ಕಾರೆಂದು ಕರೆಯುವವನು ಪುಣೆಯಲ್ಲಿ ಓದುತ್ತಿರುವ ನನ್ನ ಸೋದರಳಿಯನೊಬ್ಬನೇ. ಆದರೆ ಅವನ ವಾದಕ್ಕೆ ವಂಶಾವಳಿಯ ಬಲವುಂಟು. ೧೯೫೯ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಿಂದ ಅವತರಿಸಿದ ಈ ಕಾರಿಗೆ ರೂಪವನ್ನಿತ್ತವನು ಇಟಲಿಯ ಟುರಿನ್ ನಗರದ ಮಿಖೆಲೊಟ್ಟಿ. ಇದೇ ಕಾರಿನ ಚಾಸಿಯನ್ನು ಮೊಟಕುಗೊಳಿಸಿ, ಮೇಲ್ಛಾವಣಿಯನ್ನು ಬಟ್ಟೆಯದನ್ನಾಗಿ ಮಾಡಿ, ೧೯೬೨ರಲ್ಲಿ ಸ್ಪಿಟ್‌ಫೈರ್ ಎಂಬ ಅಪ್ಪಟ ಸ್ಪೋರ್ಟ್ಸ್ ಕಾರನ್ನು ನಿರ್ಮಿಸಿದರು. ದಾಯಾದಿ ಮಲ್ಲನಾಗಿರುವಾಗ ಇವನನ್ನು ಮಾತ್ರ ಗರಡಿಯ ಹೊರಗೆ ನಿಲ್ಲಿಸುವುದು ಯಾವ ನ್ಯಾಯವೆಂಬುದು ಅಳಿಯನ ಪ್ರಶ್ನೆ. ೧೯೬೧ರಿಂದ ಮದರಾಸಿನಲ್ಲಿ ತಯಾರಾದ ನಮ್ಮ ದೇಶೀಯ ಹೆರಾಲ್ಡುಗಳು ಶೋಳಾವರಂನ ಹಳೆಯ ವಿಮಾನನೆಲೆಯ ಪಂದ್ಯಗಳಲ್ಲಿ ಓಡಿದ್ದುಂಟೆಂಬುದನ್ನೂ ಅವನು ಸಾಕ್ಷ್ಯವಾಗಿ ಮುಂದಿಡುತ್ತಾನೆ. ಸೊಲ್ಲಾಪುರದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ನಮ್ಮನ್ನು ಹಿಂದಿಕ್ಕಿ ಹೋಗುವಾಗ ಮಾತ್ರ ಅವನು ಕಿಟಕಿಯಾಚೆ ನೋಡುತ್ತ ಮೌನವ್ರತವನ್ನು ಧರಿಸುತ್ತಾನೆ.

ಸೊಲ್ಲಾಪುರದ ಮಿತ್ರರ ಆಕ್ಷೇಪಣೆ ಬೇರೊಂದು ಬಗೆಯದು. ಮುಂಬಯಿಯಲ್ಲಿ ೧೯೪೪ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸನ್ನು ಸ್ಥಾಪಿಸಿದ ವಾಲಚಂದ ಹೀರಾಚಂದರು ೧೮೮೨ರಲ್ಲಿ ಜನಿಸಿದ್ದು ಸೊಲ್ಲಾಪುರದಲ್ಲಿ. ಆದಕಾರಣ ಊರಿನ ಮಗನ ಸಂಸ್ಥೆಯ ಫಿಯಟ್ಟನ್ನು ಬಿಟ್ಟು ಮದರಾಸಿನ ಗಾಡಿಯನ್ನು ಮನೆ ತುಂಬಿಸಿಕೊಂಡದ್ದು ಸ್ಥಳೀಯ ದ್ರೋಹವೆಂದು ಅವರ ಮತ. ಅದೇ ವಾಲಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ೧೯೪೦ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನೂ ಆರಂಭಿಸಿದರಲ್ಲವೆ, ನಿಮ್ಮ ತರ್ಕದಂತೆ ಕನ್ನಡಿಗನಾದ ನಾನು ಕೊಳ್ಳಬೇಕಾದದ್ದು ವಿಮಾನವನ್ನಲ್ಲವೆ ಎಂದು ಕೇಳಿದ ಬಳಿಕ ಅವರು ಚಹಾ ತರಿಸಿದರು.

ಎಣ್ಣೆಯನ್ನು ಕೊಳ್ಳುವುದಕ್ಕೆ ಸೊಲ್ಲಾಪುರಕ್ಕೇ ಹೋಗಬೇಕಾಯಿತು. ಅಂಗಡಿಯ ಯಜಮಾನನು ಕೇಳಿದೊಡನೆಯೇ ಜಿ.ಎಲ್.-೫ ಎಂದು ಬರೆದ ಡಬ್ಬಿಯನ್ನು ಮುಂದಿಟ್ಟನು. ನನಗೆ ಬೇಕಾದದ್ದು ಜಿ.ಎಲ್.-೪ ಎಂದಾಗ ಅವನ ಮುಖದಲ್ಲಿ ಮೂಡಿದ ಕರುಣೆಯನ್ನು ವರ್ಣಿಸಲಾರೆ. “ಐದು ಇದ್ದಲ್ಲಿ ನಾಕ್ಯಾಕ್ರಿ ಸಾಹೇಬರ? ಐದು ಭಾರೀ ಅದ. ನಾಕು ಯಾರೂ ಒಯ್ಯಂಗಿಲ್ಲ.” ಪರೀಕ್ಷೆಯ ಅಂಕಗಳಿಗೆ ಸಲ್ಲುವ ಈ ಗಣಿತವು ಗೇರುಪೆಟ್ಟಿಗೆಗೆ ಸಲ್ಲದೆಂಬುದನ್ನು ಅವನಿಗೆ ಮನದಟ್ಟು ಮಾಡುವ ಭಾರ ನನ್ನ ಮೇಲೆ ಬಿತ್ತು. ಓಡುತ್ತಿರುವ ಎರಡು ಗೇರುಚಕ್ರಗಳ ವೇಗವನ್ನು ಸಮಗೊಳಿಸಿ, ಹಲ್ಲಿಗೆ ಹಲ್ಲು ತಾಗದಂತೆ ಸಂಧಾನ ನಡೆಸುವವು ಒಳಗಿರುವ ಹಿತ್ತಾಳೆಯ ಬಳೆಗಳು. ಐದನೆಯ ದರ್ಜೆಯ ಎಣ್ಣೆಯಲ್ಲಿ ಅತಿಯಾದ ಒತ್ತಡವನ್ನು ತಾಳುವುದಕ್ಕೆಂದು ಬೆರೆಸಿದ ಗಂಧಕ, ರಂಜಕಗಳ ಸಂಯುಕ್ತಗಳು ಹೆಚ್ಚು; ಎಣ್ಣೆ ಕಾದಾಗ ಆ ಗಂಧಕವು ಹಳದಿ ಲೋಹವನ್ನೇ ಮೆಲ್ಲಮೆಲ್ಲನೆ ತಿನ್ನತೊಡಗುವ ಭಯವುಂಟು. ಇಷ್ಟನ್ನೂ ಆಲಿಸಿದ ಯಜಮಾನನು “ನಿಮ್ಮ ಮರ್ಜಿ” ಎಂದು ಒಳಗೆ ಹೋಗಿ, ಧೂಳು ಹಿಡಿದ ನಾಲ್ಕನೆಯ ದರ್ಜೆಯ ಡಬ್ಬಿಯೊಂದನ್ನು ಎರಡೇ ಬೆರಳುಗಳಲ್ಲಿ ಹಿಡಿದು ತಂದನು.

ತಣ್ಣಗಿನ ಗೇರೆಣ್ಣೆ ಆಲಸಿ. ಅದನ್ನು ಹೊರಡಿಸಬೇಕಾದರೆ ಕಾರನ್ನು ಸ್ವಲ್ಪ ದೂರ ಓಡಿಸಿ ಕಾಯಿಸಿಕೊಳ್ಳಬೇಕು. ಹೀಗಾಗಿ ಡಬ್ಬಿಯನ್ನು ಹಿಂದಿನ ಆಸನದಲ್ಲಿ ಕೂರಿಸಿಕೊಂಡು, ಕುಂಭಾರಿ, ವಳಸಂಗಗಳ ಮಾರ್ಗವಾಗಿ ಊರು ಸೇರುವಷ್ಟರಲ್ಲಿ ಪೂರ್ವಸಿದ್ಧತೆಯು ತಾನೇ ಮುಗಿದಿತ್ತು. ವಾರವನ್ನೂ ಯೋಚಿಸಿಯೇ ನಿಶ್ಚಯಿಸಿದ್ದೆ. ಗುರುವಾರವಾದರೆ ಸ್ವಾಮಿ ಸಮರ್ಥರ ದರ್ಶನಾರ್ಥಿಗಳ ವಾಹನಗಳು ನಮ್ಮ ಓಣಿಯನ್ನು ಆಕ್ರಮಿಸಿ, ಕಾರಿನಡಿಯಲ್ಲಿ ಮಲಗಿದವನು ಸಂಜೆಯವರೆಗೆ ಅಲ್ಲಿಯೇ ಇರಬೇಕಾಗುತ್ತಿತ್ತು.

ನಮ್ಮ ಮಿಸ್ತ್ರಿಯು ನನ್ನೊಡನೆ ಕನ್ನಡದಲ್ಲಿಯೂ, ಕೈಕೆಳಗಿನ ಹುಡುಗನೊಡನೆ ಮರಾಠಿಯಲ್ಲಿಯೂ, ಜಗ್ಗದ ನಟ್ಟಿನೊಡನೆ ಹಿಂದಿಯಲ್ಲಿಯೂ ಸಂಭಾಷಿಸತಕ್ಕವನು. ಅಕ್ಕಲಕೋಟೆ ತಾಲ್ಲೂಕನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ೧೯೬೭ರಲ್ಲಿ ಮಹಾಜನ ಆಯೋಗವು ಶಿಫಾರಸು ಮಾಡಿದಂದಿನಿಂದ ಇಂದಿನವರೆಗೂ ನ್ಯೂಟ್ರಲ್ಲಿನಲ್ಲಿಯೇ ನಿಂತಿರುವ ನಮ್ಮಲ್ಲಿ ಇಂತಹ ತ್ರಿಭಾಷಾಪ್ರವೀಣರು ಓಣಿಗೊಬ್ಬರಿದ್ದಾರೆ. ಅವನು ಪಾನಾ ಹಿಡಿದು ನೇರವಾಗಿ ಪೆಟ್ಟಿಗೆಯ ಅಡಿಯ ನಟ್ಟಿಗೆ ಕೈಯಿಕ್ಕಿದಾಗ ನಾನು ತಡೆದೆ. ಮೊದಲು ಬಿಚ್ಚತಕ್ಕದ್ದು ಪಕ್ಕದ ನಟ್ಟನ್ನು. ಎಣ್ಣೆಯನ್ನು ತುಂಬುವ ಆ ದ್ವಾರವು ತುಕ್ಕು ಹಿಡಿದು ತೆರೆಯದೆಹೋದರೆ, ಇದ್ದ ಎಣ್ಣೆಯನ್ನೆಲ್ಲ ಚೆಲ್ಲಿ, ಹೊಸದನ್ನು ಹಾಕಲು ಮಾರ್ಗವಿಲ್ಲದೆ, ಒಣಗಿದ ಪೆಟ್ಟಿಗೆಯ ಸುತ್ತ ಕುಳಿತು ಶೋಕಿಸಬೇಕಾದೀತು. ಈ ಸೂತ್ರವು ಮಿಸ್ತ್ರಿಗೆ ಸಮ್ಮತವಾಯಿತಾದರೂ ಪಕ್ಕದ ನಟ್ಟಿಗೆ ಆಗಲಿಲ್ಲ. ಅಲ್ಲಿಂದ ಮುಂದಿನದೆಲ್ಲ ಹಿಂದಿ.

ಅಷ್ಟರಲ್ಲಿ ಅಳಿಯನು, ಕೆಲಸಕ್ಕೆ ಏನೇನೂ ಅವಶ್ಯವಿಲ್ಲದಿದ್ದರೂ, ಹೆರಾಲ್ಡಿನ ಬಾನೆಟ್ಟನ್ನು ಎತ್ತಿದನು. ಇತರ ಕಾರುಗಳಂತೆ ತಗಡೊಂದು ಮೇಲೇಳುವುದಲ್ಲ ಇದು. ದೀಪಗಳೂ ಚಕ್ರದ ಮೇಲಣ ಕವಚಗಳೂ ಸಹಿತವಾಗಿ ಕಾರಿನ ಮೂತಿಯೆಲ್ಲವೂ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಓಣಿಯಲ್ಲಿ ಸಭೆ ನೆರೆಯುವುದಕ್ಕೆ ಬೇರೆ ಡಂಗುರ ಬೇಕಾಗಲಿಲ್ಲ. ಒಬ್ಬರು ಸೀಮೆಎಣ್ಣೆ ಹಾಕಿ ತೊಳೆಯಲು ಹೇಳಿದರು. ಇನ್ನೊಬ್ಬರು ಬಾಳೆಯ ಹಣ್ಣು ತುಂಬಿದರೆ ಗೇರಿನ ಸಪ್ಪಳ ಅಡಗುವುದೆಂದು, ಮಾರುವ ಕಾರಿಗೆ ಮಾತ್ರ ಯೋಗ್ಯವಾದ ಉಪಾಯವನ್ನು ಬೋಧಿಸಿದರು. ಅರಮನೆಯ ಶಸ್ತ್ರಾಗಾರವನ್ನು ನೋಡಿಕೊಂಡು ಬಂದಿದ್ದ ಯಾತ್ರಿಕರೊಬ್ಬರು ನನ್ನ ಪಾನಾಗಳನ್ನು ಕಂಡು ಇವೂ ಅಲ್ಲಿಯವೆ ಎಂದು ವಿಚಾರಿಸಿದರು.

ಪಕ್ಕದ ನಟ್ಟು ಕಡೆಗೂ ಶರಣಾಗತವಾಯಿತು. ಅಡಿಯದು ಸುಲಭವಾಗಿಯೇ ಬಂದಿತು. ಹಳೆಯ ಎಣ್ಣೆಯು ಕಪ್ಪಗೆ, ಗಂಭೀರವಾಗಿ, ಕೊಳೆತ ತತ್ತಿಯ ದುರ್ಗಂಧವನ್ನು ಮುಂದಿಟ್ಟುಕೊಂಡು ಹೊರಟಾಗ ಸಭೆಯ ಅರ್ಧವು ತಾನಾಗಿಯೇ ವಿಸರ್ಜನೆಗೊಂಡಿತು. ಬಾಣಲಿಯನ್ನು ಬಿಸಿಲಿಗೆ ಹಿಡಿದು ನೋಡಿದೆವು. ಉಕ್ಕಿನ ಚೂರುಗಳಿದ್ದರೆ ಆಪತ್ತು. ಇದ್ದದ್ದು ಬಂಗಾರದ ಪುಡಿಯಂತೆ ಮಿನುಗುವ ಹಿತ್ತಾಳೆಯ ರಜ, ಆ ಬಳೆಗಳು ಸವೆಯುತ್ತ ಕೊಟ್ಟ ಲೆಕ್ಕ. ಹೊಸ ಎಣ್ಣೆಗೆ ಅಳತೆಯ ಕಡ್ಡಿಯಿಲ್ಲ. ಕಾರನ್ನು ಸಮತಲದಲ್ಲಿ ನಿಲ್ಲಿಸಿ, ಪಕ್ಕದ ರಂಧ್ರದಿಂದ ಹೊರಚೆಲ್ಲುವವರೆಗೆ ತುಂಬತಕ್ಕದ್ದು. ಒಂದು ಲೀಟರಿಗೂ ತುಸು ಕಡಮೆಯೇ ಸಾಕು. ಹೆರಾಲ್ಡಿನಲ್ಲಿ ಆಸನಗಳ ನಡುವಣ ರಟ್ಟಿನ ಮುಚ್ಚಳವನ್ನು ಕಳಚಿ ಒಳಗಿನಿಂದಲೇ ರಬ್ಬರಿನ ನಳಿಕೆಯಲ್ಲಿ ಎಣ್ಣೆಯಿಳಿಸಬಹುದಾದ್ದರಿಂದ, ನಾನು ಚಾಲಕನ ಪೀಠದಲ್ಲಿಯೇ ಆಸೀನನಾಗಿ ಅಭ್ಯಂಜನವನ್ನು ನೆರವೇರಿಸಿದೆ.

ಎರಡನೆಯ ಗೇರು ಈಗ ಸದ್ದಿಲ್ಲದೆ ಕೂರುತ್ತದೆ. ಮೊದಲನೆಯದು ಮಾತ್ರ ಕಾರು ಚಲಿಸುತ್ತಿರುವಾಗ ಹಾಕಿದರೆ ಹಿಂದಿನಂತೆಯೇ ಗರ್ಜಿಸುತ್ತದೆ; ಅದಕ್ಕೆ ಸಂಧಾನದ ಬಳೆಯನ್ನೇ ಇಟ್ಟಿಲ್ಲವಾದ್ದರಿಂದ ಯಾವ ದರ್ಜೆಯ ಎಣ್ಣೆಗೂ ಅಲ್ಲಿ ಅಧಿಕಾರವಿಲ್ಲ. ಆ ಗರ್ಜನೆಯೇ ಸ್ಪೋರ್ಟ್ಸ್ ಕಾರಿನ ಲಕ್ಷಣವೆಂದು ಅಳಿಯನು ಸಭೆಗೆ ನಿವೇದಿಸಿದನು.

ಕೈಯೊರೆಸಿಕೊಳ್ಳುತ್ತ ಮಿಸ್ತ್ರಿ ಕೇಳಿದನು: “ಹಿಂದಿನ ಡಿಫರೆನ್ಷಿಯಲ್ಲಿಂದು ಯಾವಾಗ ಬದಲಿ ಮಾಡೂದ್ರಿ ಕಾಕಾ?” ಅಲ್ಲಿರುವ ಗೇರುಗಳು ಒಂದರ ಮೇಲೊಂದು ಜಾರುತ್ತ ಭಾರಿ ಒತ್ತಡವನ್ನು ಹೊರತಕ್ಕವು, ಹಿತ್ತಾಳೆಯ ಬಳೆಗಳ ಹಂಗೂ ಅಲ್ಲಿಲ್ಲ. ಅದಕ್ಕೆ ಒಪ್ಪುವುದು ಐದನೆಯ ದರ್ಜೆಯ ಎಣ್ಣೆಯೇ. ಸೊಲ್ಲಾಪುರದ ಆ ಯಜಮಾನನ ಡಬ್ಬಿಯನ್ನು ತರುವುದಕ್ಕೆ ಅಳಿಯನನ್ನು ಕಳುಹಿಸುವುದೆಂದೂ, ಅದು ಯಾವ ಕಾರಿಗೆಂಬುದನ್ನು ಅವನು ಅಲ್ಲಿ ಹೇಳಕೂಡದೆಂದೂ ನಿಶ್ಚಯಿಸಿದ್ದೇನೆ.