ಗಾಡಿಯ ಗ್ರಂಥಸಂಪಾದನೆ: ಗಡಿಸೀಮೆಯ ಹಾಟ್‌ರಾಡ್ ಕುರಿತು ಒಂದು ಅತಿಗಂಭೀರ ಪ್ರಬಂಧ

ಮನೆಯ ಹಿತ್ತಿಲಲ್ಲಿ ಕಾರು ಕಟ್ಟುವ ವಿದ್ಯೆಯನ್ನು ಇಲ್ಲಿಯವರೆಗೆ ಮಿಸ್ತ್ರಿಗಳು, ಪೊಲೀಸರು ಮತ್ತು ಹೆಂಡಂದಿರು ಮಾತ್ರ ವಿಮರ್ಶಿಸುತ್ತ ಬಂದಿದ್ದಾರೆ. ವಿದ್ವಾಂಸರು ಆ ಕಡೆ ತಲೆ ಹಾಕಿಲ್ಲ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ನಡುವೆ, ಕನ್ನಡ ಮರಾಠಿಗಳೆರಡೂ ಒಂದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವ ಸೀಮೆಯಲ್ಲಿ, ಈ ವಿದ್ಯೆ ಇಷ್ಟು ಹುಲುಸಾಗಿ ಬೆಳೆದಿರುವಾಗ ಇಂಥ ಅನಾದರ ಸಲ್ಲದು. ನಮ್ಮ ಪ್ರತಿಜ್ಞೆ ಇಷ್ಟೇ: ಹಾಟ್‌ರಾಡ್, ಅಂದರೆ ಹಳೆಯ ಗಾಡಿಯ ತೂಕ ಕಳೆದು ಶಕ್ತಿ ಕೂಡಿಸಿ ಮತ್ತೆ ಕಟ್ಟಿದ ಕಾರು, ವಾಹನವಲ್ಲ, ಪಾಠಾಂತರ. ಅದನ್ನು ಓಡಿಸಿ ನೋಡುವುದಕ್ಕಿಂತ ಓದಿ ನೋಡುವುದು ಕ್ಷೇಮ.

ಪೂರ್ವಸೂರಿಗಳಿಗೆ ಮೊದಲ ನಮಸ್ಕಾರ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು 1930ರ ದಶಕದಲ್ಲಿ ಹಳೆಯ ಫೋರ್ಡ್ ಗಾಡಿಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡು ಕಿತ್ತು, ಟಪ್ಪು ಕತ್ತರಿಸಿ ತಗ್ಗಿಸಿ, 1932ರಲ್ಲಿ ಫೋರ್ಡ್ ಹೊರತಂದ ವಿ-8 ಎಂಜಿನ್ನನ್ನು ಒಳಗೆ ಕೂರಿಸಿ, ಮುರಾಕ್ ಎಂಬ ಒಣಗಿದ ಕೆರೆಯಂಗಳದಲ್ಲಿ ಓಡಿಸಿದರು. ಆ ಎಂಜಿನ್ನಿನ ಹುಟ್ಟುಶಕ್ತಿ 65 ಅಶ್ವಶಕ್ತಿ. ಹುಡುಗರ ಕೈಗೆ ಬಂದ ಮೇಲೆ ಎಷ್ಟಾಗುತ್ತಿತ್ತು ಎಂಬುದರಲ್ಲಿ ಮತಭೇದವಿದೆ, ಪ್ರತಿಯೊಬ್ಬನೂ ತನ್ನದಕ್ಕೆ ತಾನೇ ಸಾಕ್ಷಿ. 1948ರ ಜನವರಿಯಲ್ಲಿ ‘ಹಾಟ್ ರಾಡ್’ ಎಂಬ ಮಾಸಪತ್ರಿಕೆಯೇ ಹೊರಟು ಸಂಪ್ರದಾಯಕ್ಕೆ ಭಾಷ್ಯ ಸಿಕ್ಕಿತು. ಅವರ ಶಾಸ್ತ್ರವೆಲ್ಲ ಎರಡು ಸೂತ್ರದಲ್ಲಿ ಮುಗಿಯುತ್ತದೆ: ತೂಕ ಕಳೆ, ಶಕ್ತಿ ಕೂಡಿಸು. ನಮ್ಮ ಕಡೆ ಮೊದಲನೆಯದನ್ನು ಕಾಲವೇ ಮಾಡಿಕೊಡುತ್ತದೆ. ಗಾಡಿ ಕೈಗೆ ಬರುವಷ್ಟರಲ್ಲಿ ಅರ್ಧ ಪತ್ರಾ ತುಕ್ಕಿಗೆ ಹೋಗಿರುತ್ತದೆ. ಇನ್ನು ಕೆರೆ ಒಣಗಿದರೆ ನಮ್ಮ ಜನ ಅಲ್ಲಿ ಕಬ್ಬು ಹಚ್ಚುತ್ತಾರೆ. ಹೀಗಾಗಿ ಓಡಿಸುವ ಶಾಖೆ ಇಲ್ಲಿ ಚಿಗುರಲಿಲ್ಲ, ಕಟ್ಟುವ ಶಾಖೆ ಮಾತ್ರ ಉಳಿಯಿತು.

ಇಲ್ಲಿ ಒಂದು ಪೂರ್ವಪಕ್ಷ: ಕುಸ್ತಿ, ಬೆಲ್ಲ, ಚಪ್ಪಲಿಯ ಸೀಮೆಗೂ ಪಾಠವಿಮರ್ಶೆಗೂ ಎಲ್ಲಿಯ ನಂಟು? ಈ ಪಕ್ಷ ನಿಲ್ಲದು. ಕೊಲ್ಹಾಪುರದ ಶಿಲಾಹಾರರು ಕನ್ನಡದಲ್ಲಿ ಶಾಸನ ಹಾಕಿಸಿದವರು. ಗಡಹಿಂಗ್ಲಜಕ್ಕೆ ಹತ್ತಿರದ ಆಜರೆಯಲ್ಲಿ 1205ರಲ್ಲಿ ಸೋಮದೇವ ‘ಶಬ್ದಾರ್ಣವಚಂದ್ರಿಕೆ’ ಎಂಬ ವ್ಯಾಕರಣಗ್ರಂಥ ಬರೆದ. ಬಿಡಿಸಿ ನೋಡಿ ಮತ್ತೆ ಕೂಡಿಸುವ ಚಟ ನಮ್ಮವರಿಗೆ ಎಂಟುನೂರು ವರ್ಷ ಹಳೆಯದು. ಹೊಸಗಾಲದಲ್ಲಿ ಬಾಬುರಾವ್ ಪೇಂಟರ್ ಕೊಲ್ಹಾಪುರದಲ್ಲೇ ಸಿನಿಮಾ ಕ್ಯಾಮೆರಾ ಕಟ್ಟಿ, 1920ರಲ್ಲಿ ‘ಸೈರಂಧ್ರಿ’ಯನ್ನು ತೆರೆಗೆ ತಂದರು. ಇವತ್ತು ಶಿರೋಳಿ, ಗೋಕುಲ ಶಿರಗಾಂವಗಳ ಫೌಂಡ್ರಿಗಳಲ್ಲಿ ಹೊಯ್ದ ಎರಕ ದೇಶದ ದೊಡ್ಡ ಮೋಟಾರು ಕಂಪನಿಗಳಿಗೆ ಹೋಗುತ್ತದೆ. ಶಿವಾಜಿ ಉದ್ಯಮನಗರದ ಲೇತಿನವನ ಮುಂದೆ ಸವೆದ ಸಾಮಾನು ಇಟ್ಟು ‘ಇಂಥದ್ದೇ ಒಂದು’ ಎಂದರೆ ಸಾಕು, ಯಾವ ಗಾಡಿಯದು ಎಂದೂ ಆತ ಕೇಳುವುದಿಲ್ಲ. ಅಂದರೆ ಕಾರಿನ ಅಕ್ಷರಗಳನ್ನೆಲ್ಲ ಎರಕ ಹೊಯ್ಯುವ ಊರು ಇದು. ವಾಕ್ಯ ಮಾತ್ರ ಬೇರೆ ಊರಲ್ಲಿ ಕೂಡುತ್ತದೆ.

ಈ ಸಂಕಟಕ್ಕೆ ಉತ್ತರವಾಗಿ ಹುಟ್ಟಿದ ಕೃತಿಯೊಂದಿದೆ, ಪ್ರಬಂಧದ ಹೃದಯಭಾಗ ಅದೇ. ಅದಕ್ಕೂ ಮುಂಚೆ ಕಾವ್ಯಮೀಮಾಂಸೆಯಿಂದ ಎರಡು ಪದ ಸಾಲ ಬೇಕು: ಮಾರ್ಗ ಮತ್ತು ದೇಸಿ, ಅಂದರೆ ಶಿಷ್ಟರ ದಾರಿ ಮತ್ತು ನೆಲದ ದಾರಿ. ಕೊಲ್ಹಾಪುರದ ಮಹಾರಾಜ ರಾಜಾರಾಮರು ಜರ್ಮನಿಯಲ್ಲಿ ತಮಗೆಂದೇ ಮಾಡಿಸಿಕೊಂಡ ಕೇಸರಿ ಬಣ್ಣದ ಮೇಬ್ಯಾಕ್ ಕಾರು ದಸರೆಯ ದಿನ ಮೆರವಣಿಗೆಗೆ ಬರುತ್ತದೆ, ಜನ ಕೈಮುಗಿಯುತ್ತಾರೆ. ಅದು ಮಾರ್ಗ. ರಾಜಾಶ್ರಯವಿತ್ತು, ಪಾಠ ಶುದ್ಧವಾಗಿ ಉಳಿಯಿತು.

ದೇಸಿ ಹುಟ್ಟಿದ್ದು ಇಚಲಕರಂಜಿಯಲ್ಲಿ. ವಿಠ್ಠಲರಾವ್ ದಾತಾರ್ 1904ರಲ್ಲಿ ಮೊದಲ ಪವರ್‌ಲೂಮ್ ತಂದಾಗಿನಿಂದ ಯಂತ್ರದ ಸದ್ದಿನಲ್ಲೇ ಮಲಗಿ ಏಳುವ ಊರು ಅದು. ಸೈಲೆನ್ಸರ್ ಇಲ್ಲದ ಎಂಜಿನ್ನನ್ನು ಪರೀಕ್ಷಿಸಲು ಇದಕ್ಕಿಂತ ಪ್ರಶಸ್ತ ಕ್ಷೇತ್ರವಿಲ್ಲ, ಸುತ್ತಲಿನ ಮಗ್ಗಗಳ ಖಟಖಟದಲ್ಲಿ ಪಕ್ಕದ ಮನೆಯವನಿಗೂ ಗೊತ್ತಾಗುವುದಿಲ್ಲ. ಆ ಊರಿನ ಶಂಕರರಾವ್ ಕುಲಕರ್ಣಿಯವರು 1949ರಲ್ಲಿ ತಮ್ಮದೇ ಕಲ್ಪನೆಯ, ಎರಡು ಸೀಟಿನ ಪುಟ್ಟ ಕಾರೊಂದನ್ನು ಕಟ್ಟಿ ರಸ್ತೆಗೆ ತಂದರು. ಎಂಎಚ್‌ಕೆ 1906 ಎಂಬ ನಂಬರೂ ಸಿಕ್ಕಿತು. ಸ್ವಾತಂತ್ರ್ಯ ಬಂದು ಎರಡೇ ವರ್ಷ. ಅಂಬಾಸಡರ್ ಎಂಬ ಹೆಸರೇ ಇನ್ನೂ ಹುಟ್ಟಿರಲಿಲ್ಲ. ಅವರು ಅಲ್ಲಿಗೆ ಬಿಡಲಿಲ್ಲ. ತಿದ್ದಿದರು, ಮತ್ತೆ ಕಟ್ಟಿದರು, ಮತ್ತೆ ತಿದ್ದಿದರು. 1970ರ ದಶಕದವರೆಗೂ ಆವೃತ್ತಿಗಳು ಬಂದವು. ಹೆಸರು ಮೀರಾ. ಸುಮಾರು 12,000 ರೂಪಾಯಿಗೆ ಸಾಮಾನ್ಯ ಸಂಸಾರಕ್ಕೆ ಒಂದು ಕಾರು ಕೊಡುವ ಅಂದಾಜು ಅವರದು.

ಮೀರಾ ಯಾಕೆ ಅಚ್ಚಾಗಲಿಲ್ಲ? ಹಸ್ತಪ್ರತಿಯಲ್ಲಿ ದೋಷವಿತ್ತೆಂದು ನಾವು ಒಪ್ಪುವುದಿಲ್ಲ. ಲಿಪಿಕಾರ ಸಮರ್ಥ, ಕೃತಿ ಓಡುತ್ತಿತ್ತು, ಇಲ್ಲದಿದ್ದುದು ಆಶ್ರಯ. ಸರ್ಕಾರದ ಬೆಂಬಲ ಒದಗಲಿಲ್ಲ, ಕಾರ್ಖಾನೆ ಏಳಲಿಲ್ಲ. ಇದೇ ಹೊತ್ತಿನಲ್ಲಿ, ಅಂದರೆ 1971ರಲ್ಲಿ, ಪ್ರಧಾನಿಯ ಮಗ ಸಂಜಯ ಗಾಂಧಿ ದಿಲ್ಲಿಯ ಪಕ್ಕದಲ್ಲಿ ಸಣ್ಣ ಕಾರಿಗೆಂದೇ ಕಂಪನಿ ತೆಗೆದರು. ಅವರಿಗೆ ಆಶ್ರಯವಿತ್ತು, ಹಸ್ತಪ್ರತಿಯೇ ತಯಾರಾಗಲಿಲ್ಲ. ಕೊನೆಗೆ ಜಪಾನಿನ ಸುಜುಕಿಯ ಪಾಠವನ್ನು ತರಿಸಿ, 1983ರ ಡಿಸೆಂಬರ್ 14ರಂದು ಮಾರುತಿ 800 ಎಂಬ ಹೆಸರಲ್ಲಿ ಲೋಕಾರ್ಪಣ ಮಾಡಲಾಯಿತು. 796 ಸಿಸಿ, ಮೂರು ಸಿಲಿಂಡರು. ಮೀರಾ ಕೂರಬೇಕಿದ್ದ ಜಾಗದಲ್ಲಿ ಅದು ಕೂತಿತು. ಕರ್ಮಸಿದ್ಧಾಂತ ಗೊತ್ತಿದ್ದವರಿಗೆ ಮುಂದಿನದು ಆಶ್ಚರ್ಯವಲ್ಲ. 2014ರ ಜನವರಿಯಲ್ಲಿ ಆ ಕಾರಿನ ತಯಾರಿಕೆಯೇ ನಿಂತಿತು, ಮತ್ತು ಇವತ್ತು ಭಂಗಾರದಂಗಡಿಯಲ್ಲಿ, ಅಂದರೆ ಗುಜರಿಯಲ್ಲಿ, ಕೆ.ಜಿ. ಲೆಕ್ಕಕ್ಕೆ ಸಿಗುವ ಅದರ ಎಂಜಿನ್ನೇ ಹಿತ್ತಿಲಲ್ಲಿ ಕಾರು ಕಟ್ಟುವವರ ಮೊದಲ ಆಯ್ಕೆ.

ಈಗ ಕಾಲನಿರ್ಣಯ. ಗಡಹಿಂಗ್ಲಜ ಸೀಮೆಯ ಕೊಟ್ಟಿಗೆಯಲ್ಲಿ ಅರ್ಧ ಕಟ್ಟಿದ ಗಾಡಿ ಕಂಡರೆ, ಯಾವ ಭಾಗ ಯಾವಾಗಿನದು ಎಂದು ಹೇಳುವುದು ಹೇಗೆ? ಕಬ್ಬಿನ ಬಿಲ್ಲಿನಿಂದ. ಚಾಸಿ ಇದ್ದರೆ ಮೊದಲ ಕಂತು ಬಂದಿತ್ತು ಎಂದರ್ಥ. ಗೇರ್‌ಬಾಕ್ಸ್ ಕೂತಿದ್ದರೆ ಎರಡನೆಯದೂ ಬಂದಿತ್ತು. ಕಬ್ಬು ಕೊಟ್ಟ 14 ದಿನದೊಳಗೆ ಹಣ ಸಲ್ಲಬೇಕೆಂದು 1966ರ ಸಕ್ಕರೆ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಆದೇಶ ಅಕ್ಷರಶಃ ನಡೆದಿದ್ದರೆ ಈ ಸೀಮೆಯಲ್ಲಿ ಅರ್ಧ ಗಾಡಿಗಳೇ ಇರುತ್ತಿರಲಿಲ್ಲ ಎಂಬುದು ನಮ್ಮ ಅಭಿಮತ. ಬಾಗಿಲ ಜಾಗದಲ್ಲಿ ಗೋಣಿಪಟ್ಟಿ ತೂಗುತ್ತಿದ್ದರೆ ಅದನ್ನು ಗ್ರಂಥಪಾತವೆಂದು ಗುರುತಿಸಿ ಮುಂದೆ ಹೋಗಬೇಕು, ಊಹಿಸಿ ತುಂಬಬಾರದು. ಸಣ್ಣ ಪುಟ್ಟ ಪ್ರಕ್ಷೇಪಗಳು, ಅಂದರೆ ಹಾರ್ನು, ಲೈಟು, ಸ್ಕೂಟರಿನ ಕನ್ನಡಿ, ಹಾಲಿನ ಬಿಲ್ಲಿನವು. ಇವು ಹತ್ತು ದಿನಕ್ಕೊಮ್ಮೆ ಸೇರುತ್ತ ಹೋಗುತ್ತವೆ.

ಹಾಲು ಎಂದಾಗ ಕೊಟ್ಟಿಗೆಯ ಮೂಲ ನಿವಾಸಿಯ ಪ್ರಶ್ನೆ ಏಳುತ್ತದೆ. ಶಾಸ್ತ್ರಾರ್ಥಕ್ಕೆ ಇಳಿಯುವ ಗೃಹಿಣಿಯ ವಾದಸರಣಿಯನ್ನು ನಮೂನೆಗಾಗಿ ಕೊಡುತ್ತೇವೆ:

“ಅಲ್ರಿ, ಇದನ್ನ ಇಲ್ಲಿ ನಿಲ್ಲಿಸಿದ್ರ ಎಮ್ಮಿ ಎಲ್ಲಿ ಕಟ್ಟೂದು?”

“ಬೇವಿನ ಗಿಡದ ಕೆಳಗ ಕಟ್ಟು. ದಸರಿತನಕ ಅಷ್ಟ.”

“ಯಾವ ದಸರಿ?”

“…”

“ಎಮ್ಮಿ ಹಾಲರ ಕೊಡತೈತಿ. ಇದು ಏನ್ ಕೊಡತೈತ್ರಿ?”

ಇದಕ್ಕೆ ಸಮಾಧಾನ ಹೇಳಿದ ಸಿದ್ಧಾಂತಿಯನ್ನು ನಾವು ಇನ್ನೂ ಕಂಡಿಲ್ಲ. ಸಾಮಾನ್ಯವಾಗಿ ಈ ಹಂತದಲ್ಲಿ ಆತ 14-15ರ ಪಾನಾ ಹಿಡಿದು ಗಾಡಿಯ ಕೆಳಗೆ ಮಲಗುತ್ತಾನೆ. ಅದೇ ಮೌನವ್ಯಾಖ್ಯಾನ.

ಅತ್ಯಂತ ಕಟ್ಟುನಿಟ್ಟಿನ ಸಂಪಾದಕನೆಂದರೆ ಆರ್‌ಟಿಒ. ಆತನ ಹತ್ತಿರ ಓಲೆಗರಿಯಿಲ್ಲ, ಆರ್‌ಸಿ ಪುಸ್ತಕವಿದೆ. ಶಿಲೆಯ ಬದಲು ಚಾಸಿಯ ಮೇಲೆ ಗುದ್ದಿದ ನಂಬರಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಯನ್ನು ಬದಲಿಸಿದಾಗ ಆರ್‌ಸಿಯ ವಿವರ ತಯಾರಕ ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಇಷ್ಟು ಕಠಿಣ ಮೂಲಪಾಠವಾದಿ ಕನ್ನಡ ಸಂಶೋಧನೆಯಲ್ಲೂ ಅಪರೂಪ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಒಪ್ಪಿಗೆಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಒಂದೊಂದು ಪಾಠಾಂತರಕ್ಕೂ ಹೀಗೆ ದರ ಕಟ್ಟಿದ್ದರೆ ನಮ್ಮ ಎಷ್ಟು ಹಳಗನ್ನಡ ಸಂಪಾದಕರು ಹೊಲ ಮಾರಬೇಕಿತ್ತೋ!

ಹಾಗಾದರೆ ಮಾರ್ಪಾಡಲ್ಲ, ಇದು ಸ್ವತಂತ್ರ ಕೃತಿಯೇ ಎಂದು ವಾದಿಸಬಹುದಲ್ಲ? ವಾದಿಸಬಹುದು. ಆಗ ಅದರ ಮೂಲಮಾದರಿಯನ್ನು ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಿ ಪ್ರಮಾಣಪತ್ರ ತರಬೇಕು. ಕಂಪನಿಗಳಿಗಾಗಿ ಮಾಡಿದ ನಿಯಮ ಅದು. ಒಂದೇ ಒಂದು ಗಾಡಿ ಕಟ್ಟಿ, ಅದನ್ನೇ ಪ್ರೀತಿಸುವ ಮನುಷ್ಯನ ಕಲ್ಪನೆ ಅದರಲ್ಲಿಲ್ಲ. 50 ವರ್ಷ ದಾಟಿದ ಗಾಡಿಗೆ 2021ರ ವಿಂಟೇಜ್ ನಿಯಮದಲ್ಲಿ ಬೇರೆ ನಂಬರು ಸಿಗುತ್ತದೆ. ಅಲ್ಲೂ ಗಾಡಿ ಮೂಲ ರೂಪದಲ್ಲೇ ಇರಬೇಕು. ಮೇಬ್ಯಾಕಿಗೆ ಸರಿ, ಮೀರಾಳ ಮೊಮ್ಮಕ್ಕಳಿಗೆ ಅಲ್ಲ.

ನೆರೆಯ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆಯಲ್ಲಿ ಇದಕ್ಕೊಂದು ಇತ್ತೀಚಿನ ದೃಷ್ಟಾಂತ ಸಿಗುತ್ತದೆ. ಅಲ್ಲಿನ ಕಮ್ಮಾರರೊಬ್ಬರು ಮಗನ ಆಸೆಗಾಗಿ ಹಳೆಯ ಸಾಮಾನು ಕೂಡಿಸಿ, ಸುಮಾರು 60,000 ರೂಪಾಯಿಯಲ್ಲಿ, ಬೈಕಿನಂತೆ ಕಿಕ್ ಹೊಡೆದು ಚಾಲೂ ಮಾಡುವ ಪುಟ್ಟ ಜೀಪೊಂದನ್ನು ಕಟ್ಟಿದರು. 2021ರ ಡಿಸೆಂಬರಿನಲ್ಲಿ ಮಹೀಂದ್ರಾ ವಾಹನ ಕಂಪನಿಯ ಆನಂದ್ ಮಹೀಂದ್ರಾ ಅದನ್ನು ನೋಡಿ ಹೊಗಳಿದರು. ಇದು ನಿಯಮಕ್ಕೆ ಕೂಡುವುದಿಲ್ಲ, ಇಂದಲ್ಲ ನಾಳೆ ತಡೆಯುತ್ತಾರೆ ಎಂದೂ ಹೇಳಿ, ಬದಲಿಗೆ ಹೊಸ ಬೊಲೆರೊ ಕೊಡುವುದಾಗಿ ಮಾತು ಕೊಟ್ಟರು, ಮುಂದಿನ ತಿಂಗಳು ಕೊಟ್ಟರು ಕೂಡ. ದೊಡ್ಡ ಮನಸ್ಸು, ಸಂಶಯವಿಲ್ಲ. ಆದರೂ ಶಾಸ್ತ್ರದೃಷ್ಟಿಯಿಂದ ದಾಖಲಿಸಬೇಕಾದ ಸಂಗತಿ: ಒಬ್ಬ ಕವಿಗೆ ಆತನ ಹಸ್ತಪ್ರತಿಯ ಬದಲು ಅಚ್ಚಾದ ಇನ್ನೊಬ್ಬರ ಪುಸ್ತಕ ಕೊಟ್ಟು ಸನ್ಮಾನಿಸಲಾಯಿತು. ಬೊಲೆರೊ ಕಿಕ್‌ಗೆ ಚಾಲೂ ಆಗುವುದಿಲ್ಲ.

ಕಾಯ್ದೆಯ ಪರವಾಗಿಯೂ ಒಂದು ಮಾತು ಹೇಳದಿದ್ದರೆ ಪ್ರಬಂಧ ಪಕ್ಷಪಾತವಾದೀತು. ಓಲೆಗರಿಯ ಬರಹದಲ್ಲಿ ವಿರಾಮಚಿಹ್ನೆ ವಿರಳ, ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಓಟ. ನಮ್ಮ ಹಿತ್ತಿಲ ಕೃತಿಗಳಲ್ಲೂ ಅದೇ ಗುಣವಿದೆ. ಎಂಜಿನ್ ಮೊದಲು ಬರುತ್ತದೆ, ಆಮೇಲೆ ಅಗಲ ಟೈರು, ಆಮೇಲೆ ಕೆಂಪು ಬಣ್ಣ. ಬ್ರೇಕಿನ ಹೊತ್ತಿಗೆ ಬಿಲ್ಲು ಮುಗಿದಿರುತ್ತದೆ. ವೇಗ ಎರಡು ಪಟ್ಟಾದರೆ ನಿಲ್ಲಿಸಲು ತಗಲುವ ಶಕ್ತಿ ನಾಲ್ಕು ಪಟ್ಟು ಎಂಬುದು ಭೌತಶಾಸ್ತ್ರದ ಪಾಠ, ಅದಕ್ಕೆ ಪಾಠಾಂತರವಿಲ್ಲ. ಹಳೆಯ ಕಾರಿನ ಡ್ರಮ್ ಬ್ರೇಕು ಆ ಕಾರಿನ ತೂಕ, ಆ ಕಾರಿನ ವೇಗಕ್ಕೆಂದು ಮಾಡಿದ್ದು. ಹೊಸ ಎಂಜಿನ್ನಿನ ಹುರುಪು ಅದಕ್ಕೆ ಗೊತ್ತಿಲ್ಲ.

ಆದ್ದರಿಂದ ಈ ಪ್ರಬಂಧ ಓದಿ ಸ್ಫೂರ್ತಿಗೊಂಡು ಇವತ್ತೇ ಭಂಗಾರದಂಗಡಿಗೆ ಹೊರಟ ಓದುಗರಲ್ಲಿ ಕೈಮುಗಿದು ಕೇಳುವುದಿಷ್ಟು: ಕಬ್ಬಿನ ಮೊದಲ ಕಂತಿನಲ್ಲೇ ಬ್ರೇಕ್ ಕೊಳ್ಳಿ, ಎಂಜಿನ್ ಎರಡನೇ ಕಂತಿಗೆ ಇರಲಿ. ಗಡಹಿಂಗ್ಲಜದಿಂದ ಆಜರೆ ದಾಟಿದರೆ ಮುಂದೆ ಆಂಬೋಲಿ ಘಾಟು.