ಗಾಡಿ ಏನೋ ಅಂತಿದೆ

ಹಳೇ ಕಾರು ಇಟ್ಟುಕೊಂಡವರಿಗೆ ಕಾರಿನಲ್ಲಿ ಹಾಡು ಕೇಳುವ ಯೋಗವಿಲ್ಲ. ನನ್ನದರಲ್ಲಿ ಸ್ಟೀರಿಯೊ ಇದೆ, ಹಾಡುತ್ತದೆ ಕೂಡ. ಆದರೆ ನಾನು ಹಾಡು ಕೇಳುತ್ತಾ ಕೂತ ಹೊತ್ತಿನಲ್ಲೇ ಬಾನೆಟ್ಟಿನೊಳಗೆ ಏನಾದರೂ ಹೊಸದು ಶುರುವಾಗಿಬಿಟ್ಟರೆ? ಹಾಗಾಗಿ ಜೋಗುಪಾಳ್ಯ ಬಿಟ್ಟರೆ ಕೆ.ಆರ್. ಪುರದವರೆಗೂ ಗ್ಲಾಸು ಇಳಿಸಿ, ಕತ್ತನ್ನು ಒಂದಿಷ್ಟು ಮುಂದಕ್ಕೆ ಚಾಚಿ ಓಡಿಸುವುದು. ಪಕ್ಕದಲ್ಲಿ ಕೂತ ಹೆಂಡತಿ ಬಾಯಿ ತೆರೆದರೆ "ಶ್, ಒಂದ್ನಿಮಿಷ" ಅನ್ನುವುದು. ಮಗಳ ಮದುವೆ ಮಾತು ಮೊದಲ ಸಲ ಎತ್ತಿದಾಗಲೂ ನಾನು ಹೀಗೇ ಅಂದೆನಂತೆ. ಮದುವೆ ಆಯಿತು ಬಿಡಿ.

ಕಾರು ಮಾರುತಿ 800. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಗಿರಾಕಿಗೆ ಕೀಲಿಕೈ ಕೊಟ್ಟು ಶುರುವಾಗಿ, 2014ರ ಜನವರಿಯಲ್ಲಿ ತಯಾರಿಕೆ ನಿಂತ ವಂಶದ್ದು. 796 ಸಿಸಿ, ಮೂರು ಸಿಲಿಂಡರ್, ಕಾರ್ಬುರೇಟರ್ ಕಾಲದ ಗಾಡಿ. ನಂಬರ್ ಪ್ಲೇಟಿನಲ್ಲಿ ಇಂದಿರಾನಗರದ ಕೆಎ-03. 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಹಸಿರು ತೆರಿಗೆ ಕಟ್ಟಿ ಆಯುಷ್ಯ ಮುಂದುವರಿಸಿಕೊಂಡು ಬಂದಿದೆ.

ಹೋದ ಮಳೆಗಾಲದ ಹೊತ್ತಿಗೆ ಇದಕ್ಕೊಂದು ಸದ್ದು ಅಂಟಿಕೊಂಡಿತು. ಟಿರ್‍ರ್‍ರ್... ನಿಲ್ಲುತ್ತದೆ. ಮತ್ತೆ ಟಿರ್‍ರ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಇಲ್ಲ, ಜೋರಾಗಿ ಓಡಿಸಿದರೆ ಇಲ್ಲ. ಎಂಜಿನ್ ಚೆನ್ನಾಗಿ ಕಾದು, ಗಾಡಿ ಇನ್ನೇನು ಹೊರಟಿತು ಅನ್ನುವಾಗ, ನಮ್ಮ ಗಲ್ಲಿಯ ತಿರುವಿನಲ್ಲಿ ತಪ್ಪದೆ ಬರುತ್ತದೆ. ಅದು ಕೇಳಿದ ಕೂಡಲೇ ಅಮ್ಮ ಕಾಫಿ ಲೋಟ ಇಟ್ಟು ಗೇಟು ತೆಗೆಯಲು ಏಳುತ್ತಿದ್ದರು. ಮನೆಯಲ್ಲಿ ಆ ಸದ್ದಿನಿಂದ ಅನುಕೂಲ ಆದದ್ದು ಅವರೊಬ್ಬರಿಗೇ.

ಮೇಲಿನ ಮನೆಯ ಅಂಕಲ್ ಎಚ್‌ಎಎಲ್‌ನಲ್ಲಿದ್ದವರು. ಅಲ್ಲೂ ಎಂಜಿನ್ ವಿಭಾಗ. 1957ರಲ್ಲಿ ನ್ಯಾಟ್ ಯುದ್ಧವಿಮಾನದ ಆರ್ಫಿಯಸ್ ಎಂಜಿನ್ ಮಾಡಲೆಂದು ಶುರುವಾದದ್ದು. ಅವರು ಬಾಲ್ಕನಿಯಿಂದಲೇ, ಬಗ್ಗಿ ನೋಡುವ ತೊಂದರೆ ಕೂಡ ತೆಗೆದುಕೊಳ್ಳದೆ, "ಬೇರಿಂಗ್" ಅಂದರು. ಯಾವ ಬೇರಿಂಗ್ ಅಂದರೆ, "ಬಿಚ್ಚಿದ್ರೆ ಗೊತ್ತಾಗುತ್ತೆ." ಹಾಲಿನವನು ಸೈಲೆನ್ಸರ್ ಅಂದ. ಭಾಮೈದ ಕಿವಿಯನ್ನೇ ಕೊಡದೆ, "ಮಾರಿಬಿಡಿ ಭಾವ" ಅಂದ. ಅವನು ಹೊಸ ಕಾರು ಕೊಂಡ ದಿನದಿಂದ ನನ್ನ ಕಾರಿನ ಎಲ್ಲ ಕಾಯಿಲೆಗೂ ಅದೊಂದೇ ಔಷಧಿ.

ಎಂಜಿನ್ ಸದ್ದಿಗೆ ಲೆಕ್ಕ ಇದೆ, ಯಾರೂ ಹಾಕುವುದಿಲ್ಲ ಅಷ್ಟೆ. ಐಡ್ಲಿಂಗಿನಲ್ಲಿ ಕ್ರ್ಯಾಂಕ್ ನಿಮಿಷಕ್ಕೆ 900 ಸುತ್ತು ತಿರುಗಿದರೆ ಕ್ಯಾಮ್‌ಶಾಫ್ಟ್ ತಿರುಗುವುದು 450. ವಾಲ್ವು ತೆರೆಯುವ ಟ್ಯಾಪೆಟ್ ಸಡಿಲವಾದರೆ ಅದು ಕ್ಯಾಮಿನ ತಾಳದಲ್ಲಿ, ಸೆಕೆಂಡಿಗೆ ಏಳೆಂಟು ಸಲ, ಟಿಕ್ ಟಿಕ್ ಅನ್ನುತ್ತದೆ. ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿದ್ದರೆ ದನಿ ದಪ್ಪ, ಬರುವುದು ಕೆಳಗಿನಿಂದ. ಆ ಸಿಲಿಂಡರಿನ ಪ್ಲಗ್ ವೈರ್ ಕಿತ್ತರೆ ತಗ್ಗುತ್ತದೆ. ತಣ್ಣಗಿದ್ದಾಗ ಕೊಟಕೊಟ ಅಂದು ಕಾದ ಮೇಲೆ ಸುಮ್ಮನಾದರೆ ಪಿಸ್ಟನ್. ಕೀಚು ದನಿ ಬೆಲ್ಟಿನದು, ಒಂದಿಷ್ಟು ನೀರು ಚಿಮುಕಿಸಿದರೆ ಬದಲಾಗುತ್ತದೆ. ನನ್ನದು ಇದ್ಯಾವುದಕ್ಕೂ ಕೂರುತ್ತಿರಲಿಲ್ಲ.

ಆಗ ನಾನು ರಸ್ತೆಗಳನ್ನೇ ಕೆಲಸಕ್ಕೆ ಹಚ್ಚಿದೆ. ನಮ್ಮ ಪೂರ್ವ ಬೆಂಗಳೂರಿನಲ್ಲಿ ಗ್ಯಾರೇಜಿಗಿಂತ ಒಳ್ಳೆಯ ಸೌಕರ್ಯ ಇದೆ. ಹಲಸೂರು ಕೆರೆಯ ಕಡೆ ಮದ್ರಾಸ್ ಎಂಜಿನಿಯರ್ ಗ್ರೂಪಿನ ಉದ್ದನೆಯ ಕಾಂಪೌಂಡು ಗೋಡೆ ಉಂಟಲ್ಲ, ಭಾನುವಾರ ಮುಂಜಾನೆ ಎಡಗಡೆ ಗ್ಲಾಸು ಇಳಿಸಿ ಅದರ ಪಕ್ಕದಲ್ಲೇ ನಿಧಾನವಾಗಿ ಹೋದರೆ, ಗಾಡಿಯ ಸದ್ದೆಲ್ಲ ಗೋಡೆಗೆ ಬಡಿದು ವಾಪಸು ಕಿವಿಗೇ ಬರುತ್ತದೆ. ಸೇನೆಯ ಗೋಡೆ ಪಕ್ಕ ಪದೇ ಪದೇ ತೆವಳುತ್ತಾ ಹೋಗುವ ಹಳೇ ಕಾರನ್ನು ಕಾವಲಿನವನು ಏನೆಂದುಕೊಂಡನೋ, ನಾನಂತೂ ನಕ್ಕು ಕೈಬೀಸಿದೆ. ಏರಿನಲ್ಲಿ ಎಂಜಿನ್ ನಾಕ್ ಆಗುತ್ತದೆಯೇ ನೋಡಲು ಕೆ.ಆರ್. ಪುರದ ತೂಗುಸೇತುವೆ, 2003ರಲ್ಲಿ ರೈಲು ಹಳಿಯ ಮೇಲೆ ತಂತಿಗಳಿಂದ ಹಿಡಿದು ನಿಲ್ಲಿಸಿದ ಅದರ ಏರನ್ನು ಟಾಪ್ ಗೇರಿನಲ್ಲಿ ಹತ್ತಿಸಿದರೆ ಎಂಜಿನ್ನಿನ ಗುಟ್ಟೆಲ್ಲ ಹೊರಬೀಳುತ್ತದೆ. ನಾಕಿಂಗ್ ಇಲ್ಲ. ಕೇಳಲೇಬಾರದ ಜಾಗವೆಂದರೆ ಸಿಎಂಎಚ್ ರಸ್ತೆ. 2011ರಲ್ಲಿ ಮೆಟ್ರೊ ಬಂದಾಗಿನಿಂದ ಕೆಳಗೆ ಓಡುವ ಗಾಡಿಗಳ ಸದ್ದೆಲ್ಲ ಕಾಂಕ್ರೀಟಿಗೆ ತಾಗಿ ಇಳಿಯುತ್ತದೆ. ಯಾರದೋ ಡೀಸೆಲ್ ಆಟೊದ ರೋಗವನ್ನು ನಮ್ಮದೆಂದುಕೊಂಡು ಮನೆಗೆ ಬರುತ್ತೇವೆ.

ಕೊನೆಗೆ ಶಿವಾಜಿನಗರದ ಭಾಯ್ ಹತ್ತಿರ ಹೋದೆ. ಗುಜರಿಗೆ ಎರಡು ಗಲ್ಲಿ ಈಚೆ, ಒಂದು ಕಾರು ನಿಂತರೆ ಇನ್ನೊಂದಕ್ಕೆ ಜಾಗವಿಲ್ಲದ ಗ್ಯಾರೇಜು. ಭಾಯ್ ಬಾನೆಟ್ ಎತ್ತಿ, "ರೇಸ್ ಕೊಡಿ ಸಾರ್" ಅಂದರು. ಕೊಟ್ಟೆ. ಸದ್ದಿಲ್ಲ. "ಇನ್ನೂ ಕೊಡಿ." ಇನ್ನೂ ಇಲ್ಲ. ಜಗತ್ತಿನಲ್ಲಿ ಯಾವ ಮೆಕ್ಯಾನಿಕ್ಕೂ ರೇಸ್ ಕೊಡಿ ಅನ್ನದೆ ಇರುವುದಿಲ್ಲ, ನನ್ನ ಸದ್ದಿಗೋ ರೇಸ್ ಆಗದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲೂ ಹಿಡಿಯನ್ನು ಕಿವಿಗೂ ಒತ್ತಿ, ಭಾಯ್ ಕಣ್ಣು ಮುಚ್ಚಿ ಕೇಳಿದರು. ಪ್ಯಾರಿಸ್ಸಿನ ಡಾಕ್ಟರ್ ಲೆನೆಕ್ 1816ರಲ್ಲಿ ಕಾಗದ ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದನಂತೆ; ಆಮೇಲೆ ಅದು ಸ್ಟೆತಾಸ್ಕೋಪಾಯಿತು. ಭಾಯ್ ಕೈಯಲ್ಲಿ ಅದು ಸ್ಕ್ರೂಡ್ರೈವರಾಗಿಯೇ ಉಳಿದಿದೆ.

"ಟ್ಯಾಪೆಟ್ ಓಕೆ. ಆಲ್ಟರ್ನೇಟರ್ ಓಕೆ. ವಾಟರ್ ಪಂಪ್ ಓಕೆ. ಎಲ್ಲಿ ಬರ್ತದೆ ಸಾರ್ ನಿಮ್ ಸೌಂಡು?"

"ಟಿನ್ ಫ್ಯಾಕ್ಟರಿ ಹತ್ರ. ಸಂಜೆ ಆರಕ್ಕೆ."

ಬೇರೆಯವರಾಗಿದ್ದರೆ ನಕ್ಕು ಕಳಿಸುತ್ತಿದ್ದರು. ಭಾಯ್ ಕೈ ಒರೆಸಿಕೊಂಡು, ಸ್ಕ್ರೂಡ್ರೈವರನ್ನೂ ಒಂದು ತುಂಡು ಗೋಣಿತಾಟನ್ನೂ ಎತ್ತಿಕೊಂಡು, "ಅಲ್ಲಿಗೇ ಹೋಗಣ" ಅಂತ ಹತ್ತಿ ಕೂತರು.

ಹಳೇ ಮದ್ರಾಸು ರಸ್ತೆ ರಿಂಗ್ ರೋಡಿಗೆ ಸೇರುವ ಆ ಜಾಗದಲ್ಲಿ ಸಂಜೆ ಗಾಡಿಗಳು ಓಡುವುದಿಲ್ಲ, ಸರಿಯುತ್ತವೆ. ಕ್ಲಚ್ ಬಿಡು, ಎರಡಡಿ, ಕ್ಲಚ್ ಒತ್ತು. ಅಷ್ಟು ಬಂದದ್ದೇ ಟಿರ್‍ರ್‍ರ್. ಭಾಯ್ ಮುಖ ಅರಳಿತು. ಬಾಗಿಲು ತೆಗೆದು ಇಳಿದು ಬಾನೆಟ್ ಎತ್ತಿಯೇಬಿಟ್ಟರು; ಹೇಗೂ ಯಾರೂ ಎಲ್ಲಿಗೂ ಹೋಗುತ್ತಿರಲಿಲ್ಲ. ಪಕ್ಕದ ಆಟೊದವನು ತಲೆ ಹೊರಹಾಕಿ, "ಫ್ಯಾನ್ ಬೆಲ್ಟು ನೋಡಿ" ಅಂದ. ಬೈಕಿನ ಹುಡುಗ ಹೆಲ್ಮೆಟ್ ತೆಗೆದು ಕಿವಿಗೊಟ್ಟ. ಬಿಎಂಟಿಸಿ ಕಂಡಕ್ಟರು ಕಿಟಕಿಯಿಂದ "ಮೌಂಟಿಂಗು, ಮೌಂಟಿಂಗು" ಅಂತ ಕೂಗಿದರು. ಟ್ರಾಫಿಕ್ ಪೊಲೀಸಪ್ಪ ಬೈಯುತ್ತಲೇ ಬಂದು, ಬಂದ ಮೇಲೆ ಅವರೂ ಒಂದು ಕ್ಷಣ ಕೇಳಿ, "ಮೊದ್ಲು ಸೈಡಿಗ್ ಹಾಕ್ರಿ" ಅಂದರು. ಸೈಡು ಎಂಬುದಿದ್ದರೆ ಹಾಕಬಹುದಿತ್ತು.

ಭಾಯ್ ಗೋಣಿತಾಟು ಮಡಚಿ, ಹೊಗೆ ಹೋಗುವ ಮ್ಯಾನಿಫೋಲ್ಡಿನ ಮೇಲೆ ಮುಚ್ಚಿದ್ದ ತಗಡನ್ನು ಒತ್ತಿ ಹಿಡಿದರು. ಸದ್ದು ನಿಂತಿತು. ಕೈ ತೆಗೆದರು, ಬಂತು. ಮತ್ತೆ ಒತ್ತಿದರು, ನಿಂತಿತು. ಬಿಸಿ ತಡೆಯುವ ಆ ತಗಡಿನ ಬೋಲ್ಟಿನ ತೂತು ತುಕ್ಕು ತಿಂದು ಅಗಲವಾಗಿತ್ತು. ಕಾದು ಹಿಗ್ಗಿದಾಗ ಸಡಿಲವಾಗಿ, ಎಂಜಿನ್ನಿನ ಒಂದೇ ಒಂದು ವೇಗಕ್ಕೆ ಮಾತ್ರ ಜೊತೆಗೂಡಿ ಅದುರುತ್ತಿತ್ತು. ರೇಸ್ ಕೊಟ್ಟರೆ ಆ ವೇಗ ದಾಟಿ ಹೋಗುತ್ತಿತ್ತು. ಈಗಿನ ಕಾರುಗಳಿಗೆ ಸ್ಕ್ಯಾನರ್ ಚುಚ್ಚಿದರೆ ಅದೇ ಕೋಡ್ ಹೇಳುತ್ತದೆ, ನಿಜ. ತಗಡು ಅಲ್ಲಾಡುವುದಕ್ಕೆ ಯಾವ ಕೋಡೂ ಇಲ್ಲ.

ಗುಜರಿಯಿಂದ ಹುಡುಗ ಇನ್ನೊಂದು 800ರ ತಗಡು ತಂದ. ಭಾಯ್ ತಗಡಿಗೆ, ಎರಡು ವಾಷರಿಗೆ ಅಂತ ಲೆಕ್ಕ ಬರೆದರು. ಟ್ರಾಫಿಕ್ಕಿನಲ್ಲಿ ಕಳೆದ ಸಂಜೆಗೆ ಏನೂ ಬರೆಯಲಿಲ್ಲ. ಕೇಳಿದರೆ, "ಕೇಳೋದಕ್ಕೆ ಏನ್ ಸಾರ್ ಕಾಸು" ಅಂದರು. ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಬಿಚ್ಚುವವರಿಗೆ ಸಾವಿರಗಟ್ಟಲೆ ಎಣಿಸುವ ನಾವು, ಬಿಚ್ಚಬೇಕಿಲ್ಲ ಅಂತ ಪತ್ತೆ ಹಚ್ಚಿದವರಿಗೆ ಅದಕ್ಕಿಂತ ಹೆಚ್ಚು ಕೊಡಬೇಕು. ನೋಟು ಜೇಬಿಗೆ ತುರುಕಿ, ಬೈಸಿಕೊಂಡು ಬಂದೆ.

ಈಗ ಕಾರು ಗಲ್ಲಿಗೆ ಬಂದದ್ದು ಅಮ್ಮನಿಗೆ ತಿಳಿಯುವುದೇ ಇಲ್ಲ. ಗೇಟಿನ ಮುಂದೆ ನಿಂತು ಹಾರ್ನ್ ಒತ್ತುತ್ತೇನೆ. ಮೊನ್ನೆ ಒತ್ತಿದಾಗ ಬಾಲ್ಕನಿಯಿಂದ ಅಂಕಲ್ ಇಣುಕಿದರು. ಗಲಾಟೆ ಅಂತ ಬೈಯುತ್ತಾರೆ ಅಂದುಕೊಂಡೆ.

"ಇನ್ನೊಂದ್ಸಲ ಒತ್ತಿ ನೋಡೋಣ," ಅಂದರು. ಒತ್ತಿದೆ. "ಡಯಾಫ್ರಾಮ್ ಹೋಗಿದೆ ಕಣ್ರೀ. ಬಿಚ್ಚಿಸಿ."