ಸೊಟ್ಟ ಇದ್ದರೇ ಅಸಲಿ

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಕರಕುಶಲ ಮೇಳ ಅಂದರೆ ಮೊದಲ ದಿನವೇ ಹಾಜರಾಗುವ ಒಬ್ಬ ರಾಯರು ಇರುತ್ತಾರೆ. ನಿಮಗೂ ಗೊತ್ತಿರುವವರೇ. ಖಾದಿ ಜುಬ್ಬಾ, ಹೆಗಲಿಗೆ ಕನ್ನಡಿ ಹೊಲಿದ ಲಂಬಾಣಿ ಚೀಲ, ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಅಮ್ಮಾವ್ರು. ಬ್ಯಾಂಕಿನಿಂದ ನಿವೃತ್ತರು. ಖೋಟಾ ನೋಟು ಹಿಡಿದು ಪಳಗಿದ ಕಣ್ಣಿಗೆ ಈಗ ಬೇರೆ ಕೆಲಸ ಬೇಕಲ್ಲ!

ಕೈಯಲ್ಲಿ ಮಾಡಿದ್ದು ಅಂದಮೇಲೆ ಎಲ್ಲಾದರೂ ಒಂಚೂರು ಸೊಟ್ಟ ಇರಲೇಬೇಕು ಎನ್ನುವುದು ರಾಯರ ಸಿದ್ಧಾಂತ. ಚನ್ನಪಟ್ಟಣದವರ ಮಳಿಗೆಯಲ್ಲಿ ಎರಡು ಬುಗುರಿ ಅಕ್ಕಪಕ್ಕ ಇಟ್ಟು, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. "ಎರಡೂ ಒಂದೇ ಥರ ಇವೆಯಲ್ಲಪ್ಪಾ, ಫ್ಯಾಕ್ಟರಿ ಮಾಲಾ?" ತಿರುಗುವ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಬಣ್ಣ ಕರಗಿಸಿ ಹಿಡಿಸುವ ಆ ಮನುಷ್ಯ, ಎರಡು ಬುಗುರಿ ಒಂದೇ ಥರ ಬರಲಿ ಅಂತಲೇ ಅರ್ಧ ಆಯುಸ್ಸು ಸವೆಸಿರುತ್ತಾನೆ. ಪಾಪ, ಏನಂತಾನೆ? ನಕ್ಕು ಸುಮ್ಮನಾಗುತ್ತಾನೆ.

ಬೀದರ್‌ನವರ ಮಳಿಗೆಯಲ್ಲಿ ರಾಯರು ಪರೀಕ್ಷಕರಲ್ಲ, ಪ್ರಾಧ್ಯಾಪಕರು. ಸತುವಿಗೆ ತಾಮ್ರ ಸೇರಿಸಿ ಎರಕ ಹೊಯ್ಯುವುದು, ಕೆತ್ತಿದ ಗೆರೆಗೆ ಬೆಳ್ಳಿ ತಂತಿ ಬಡಿದು ಕೂರಿಸುವುದು, ಬೀದರ್ ಕೋಟೆಯ ಹಳೇ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಅದರಲ್ಲಿ ಅದ್ದಿದರೆ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುವುದು, ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಹೇಳುವುದು ಯಾರಿಗೆ? ಬಿದರಿ ಕೆಲಸ ಮಾಡುವವನಿಗೇ. ಅವನೂ ಸಭ್ಯಸ್ಥ, "ಹೌದಾ ಸಾರ್" ಅನ್ನುತ್ತಾನೆ. ವ್ಯಾಪಾರ ಮಾತ್ರ ಆಗುವುದಿಲ್ಲ.

ಹಾಗಂತ ರಾಯರು ಏನೂ ಕೊಳ್ಳುವುದಿಲ್ಲ ಎಂದುಕೊಳ್ಳಬೇಡಿ. ಬೇರೆ ಯಾರ ಮನೆಯಲ್ಲೂ ಇಲ್ಲದ್ದನ್ನು ಮಾತ್ರ ಕೊಳ್ಳುತ್ತಾರೆ. ಮಣಿಪುರದ ಲಾಂಗ್ಪಿಯ ಕಪ್ಪು ಮಡಕೆ ಇದೆ. ಕಲ್ಲಿನ ಪುಡಿ, ಜೇಡಿ ಕಲಸಿ ತಿಗರಿಯಿಲ್ಲದೆ ಬರೀ ಕೈಯಲ್ಲೇ ತಟ್ಟಿದ್ದು. ಒಲೆಯ ಮೇಲಿಟ್ಟು ಅಡುಗೆಯನ್ನೇ ಮಾಡಬಹುದು. ಆದರೆ ಅದನ್ನು ಒಲೆಗಿಡಲು ರಾಯರು ಬಿಟ್ಟರೆ ತಾನೇ? ಅದರಲ್ಲೀಗ ಕರೆಂಟ್ ಬಿಲ್ಲುಗಳಿವೆ. ಬಸ್ತರ್‌ನ ಬಿದಿರಿನ ಕೊಳಲೊಂದಿದೆ. ಅದನ್ನು ಊದಬೇಕಿಲ್ಲ, ಗಾಳಿಯಲ್ಲಿ ಬೀಸಿದರೆ ತಾನೇ ದನಿ ಮಾಡುತ್ತದೆ. ಬಂದವರೆದುರು ಹಾಲ್‌ನಲ್ಲಿ ಬೀಸಲು ಹೋಗಿ ಫ್ಯಾನಿನ ರೆಕ್ಕೆ ಬಗ್ಗಿಸಿದ ಮೇಲೆ ಕಛೇರಿ ಟೆರೇಸಿಗೆ ವರ್ಗವಾಗಿದೆ. ಬಾಗಿಲೊಳಗೆ ಬಾಗಿಲು ತೆರೆದು ಕಥೆ ತೋರಿಸುವ ರಾಜಸ್ಥಾನದ ಕಾವಡ್ ಪೆಟ್ಟಿಗೆಯನ್ನು ಅವರು ತೆರೆದ ಕೂಡಲೇ, "ರೀ, ಕಥೆ ಆಮೇಲೆ ಹೇಳಿ, ಮೊದಲು ಮುಚ್ಚಿ. ಎಲ್ಲ ಸಂದಿನ ಧೂಳೂ ನಾನೇ ಒರೆಸಬೇಕು" ಎಂದು ಒಳಗಿಂದ ಅಮ್ಮಾವ್ರ ದನಿ.

ಸಿದ್ಧಾಂತಕ್ಕೆ ಇನ್ನೊಂದು ಮಗ್ಗುಲಿದೆ, ಅದು ಚೌಕಾಸಿಯಲ್ಲಿ ಹೊರಗೆ ಬರುತ್ತದೆ. ಈ ಸಲ ಧಾರವಾಡದ ಕಡೆಯ ಹೆಂಗಸೊಬ್ಬರು ಕಸೂತಿ ಸೀರೆ ಹರವಿ ಕೂತಿದ್ದರು. ರಾಯರು ಸೆರಗನ್ನು ನೋಟು ಹಿಡಿದ ಹಾಗೆ ಬೆಳಕಿಗೆ ಹಿಡಿದು ಹಿಂದುಮುಂದು ನೋಡಿದರು. ಗವಂತಿ ಹೊಲಿಗೆ, ಎರಡೂ ಕಡೆ ಒಂದೇ ಥರ, ಒಂದು ಗಂಟೂ ಕಾಣದು. ಮುಖ ಬಾಡಿತು. ಕೊನೆಗೆ ಮೂಲೆಯ ಗೋಪುರದಲ್ಲಿ ಒಂದು ಮೆಟ್ಟಿಲು ಕಡಿಮೆ ಇರುವುದು ಸಿಕ್ಕಿತು.

"ನೋಡಿದೆಯಾ? ಅಪ್ಪಟ ಕೈಕೆಲಸ!" ಎಂದು ಅಮ್ಮಾವ್ರಿಗೆ ಹೇಳಿದವರೇ ಆ ಕಡೆ ತಿರುಗಿ, "ಏನಮ್ಮಾ, ಗೋಪುರ ತಪ್ಪಿದೆಯಲ್ಲ, ಇನ್ನೂರು ಬಿಡಿ" ಎಂದರು.

ಆಕೆ ಸೂಜಿಯಿಂದ ತಲೆ ಎತ್ತಲಿಲ್ಲ. "ಎಳಿ ಎಣಿಸಿ ಹಾಕೂ ಕೆಲಸಾರೀ ಯಪ್ಪಾ, ಒಂದೊಂದ್ ಸಲ ತಪ್ಪತೈತಿ. ಅಪ್ಪಟ ಅಂತ ಈಗ ನೀವ ಸರ್ಟಿಫಿಕೇಟ್ ಕೊಟ್ರಲ್ರೀ? ಅದರ ಮ್ಯಾಲೆ ಇನ್ನೂರು ಹೆಚ್ಚಿಗಿ ಕೊಡ್ರಿ."

ಅಮ್ಮಾವ್ರು ಮದುವೆಯಾದ ಮೇಲೆ ಅಷ್ಟು ನಕ್ಕಿದ್ದು ಅವತ್ತೇ ಇರಬೇಕು. ಪರ್ಸ್ ತೆಗೆದು, ಹೇಳಿದ ಬೆಲೆಯಷ್ಟೂ ಎಣಿಸಿಕೊಟ್ಟು ಸೀರೆ ಕಟ್ಟಿಸಿಕೊಂಡರು.

ರಾಯರು ಅಷ್ಟರಲ್ಲಿ ಪಕ್ಕದ ಮಳಿಗೆಯಲ್ಲಿ ಕಿನ್ನಾಳದ ಗರುಡನನ್ನು ಎತ್ತಿ ಹಿಡಿದಿದ್ದರು. "ಮೂಗು ಸೊಟ್ಟ ಇದೆಯಲ್ಲಪ್ಪಾ, ಎಷ್ಟು ಬಿಡ್ತೀಯಾ?"